ಕುಂಬಳಕಾಯಿ ಹೊತ್ತ ಲಿಫ್ಟು

ನನಗೆ ಸಿಟ್ಟು ಬಂದರೆ ಕನ್ನಡ ಬರುತ್ತದೆ. ಕೋಲ್ಕತ್ತಕ್ಕೆ ಬಂದು ಹತ್ತೊಂಬತ್ತು ವರ್ಷವಾಯಿತು. ಸಮಾಧಾನದಲ್ಲಿದ್ದಾಗ ಬಂಗಾಳಿ ಮಾತಾಡುತ್ತೇನೆ, ಕಾಗದಪತ್ರದ ವಿಷಯ ಬಂದರೆ ಇಂಗ್ಲಿಷು, ಟ್ಯಾಕ್ಸಿಯವರ ಜೊತೆ ಹಿಂದಿ. ತಲೆ ಕೆಟ್ಟಿತೆಂದರೆ ಮಾತ್ರ ಬಾಯಿಂದ ಹೊರಡುವುದು ಧಾರವಾಡದ ಕನ್ನಡವೇ. ಹೌರಾದಲ್ಲಿರುವ ನಮ್ಮ ಲಿಫ್ಟ್ ವರ್ಕ್‌ಶಾಪಿನಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ನಾನು ಯಾರ ಮೇಲಾದರೂ "ತಡೀರಿ!" ಎಂದು ಕೂಗಿದರೆ ಸಾಕು, ಈ ಮೂಲೆಯಿಂದ ಆ ಮೂಲೆಗೆ ಸುದ್ದಿ ಹೋಗುತ್ತಿತ್ತು: "ದಿದಿಗೆ ಕನ್ನಡ ಬಂತು." ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ಕೆಲಸದಲ್ಲಿ ಮುಳುಗಿಬಿಡುತ್ತಿದ್ದರು. ನಾನು ಇದನ್ನು ಶಿಸ್ತು ಎಂದುಕೊಂಡಿದ್ದೆ.

ನಮ್ಮದು ದೊಡ್ಡ ಕಂಪನಿಯಲ್ಲ. ಹೊಸ ಲಿಫ್ಟು ಮಾಡುವುದಕ್ಕಿಂತ ಹಳೆಯವನ್ನು ಬದುಕಿಸುವುದೇ ಹೆಚ್ಚು. ದಕ್ಷಿಣ ಕೋಲ್ಕತ್ತದ ಹಳೆ ಕಟ್ಟಡಗಳಲ್ಲಿ ಜಾಲರಿ ಬಾಗಿಲಿನ ಲಿಫ್ಟುಗಳು ಇನ್ನೂ ಇವೆ. ಅವುಗಳ ಮೋಟಾರು, ಬ್ರೇಕು, ಉಕ್ಕಿನ ಹಗ್ಗ ಬದಲಾಯಿಸಿ ಮತ್ತೆ ಓಡುವಂತೆ ಮಾಡುವುದು ನಮ್ಮ ಕಸುಬು. ನಾನು ಅಲ್ಲಿ ಮುಖ್ಯ ಎಂಜಿನಿಯರು. ಭಾರ ಹಾಕಿ ಪರೀಕ್ಷಿಸಿದ ಸರ್ಟಿಫಿಕೇಟಿಗೆ ನನ್ನ ಸಹಿ ಬೀಳದೆ ನಾವು ಮುಟ್ಟಿದ ಯಾವ ಲಿಫ್ಟಿನೊಳಗೂ ಮನುಷ್ಯರು ಕಾಲಿಡುವಂತಿಲ್ಲ. ಆ ಸಹಿಯ ಬಗ್ಗೆ ನನಗೆ ತುಸು ಹೆಚ್ಚೇ ಜಂಬವಿತ್ತು.

ನನಗಿಂತ ಮೊದಲು ಆ ಕುರ್ಚಿಯಲ್ಲಿ ಕೂತಿದ್ದವರು ಒಬ್ಬ ಬಂಗಾಳಿ ಹಿರಿಯರು. ಗಿಡ್ಡ ಆಳು, ಮೆಲು ದನಿ, ಮಳೆಗಾಲ ಬೇಸಿಗೆ ಎನ್ನದೆ ಕೈಯಲ್ಲೊಂದು ಛತ್ರಿ. ಶನಿವಾರ ಮಧ್ಯಾಹ್ನ ಕೆಲಸ ಮುಗಿಯುವ ಮುಂಚೆ ಒಂದು ಡಬ್ಬಿ ಸಂದೇಶ್ ಮಿಠಾಯಿ ತರಿಸಿ ಎಲ್ಲರನ್ನೂ ಚಹದ ಮೇಜಿನ ಸುತ್ತ ಸೇರಿಸುತ್ತಿದ್ದರು. ಆ ವಾರ ತಾನು ಮಾಡಿದ ತಪ್ಪನ್ನು ತಾನಾಗಿ ಬಾಯಿಬಿಟ್ಟು ಹೇಳಿದವರಿಗೆ ಒಂದು ಸಂದೇಶ್. ಇಷ್ಟೇ ನಿಯಮ. ಮೊದಲು ಅವರೇ ಶುರುಮಾಡುತ್ತಿದ್ದರು: "ಮಂಗಳವಾರ ನಾನು ಡ್ರಾಯಿಂಗಿನಲ್ಲಿ ಒಂದು ಅಳತೆ ತಪ್ಪಾಗಿ ಓದಿದೆ. ವೆಲ್ಡರು ಕೇಳದೆ ಇದ್ದಿದ್ದರೆ ಬಾಗಿಲು ಗೋಡೆಯೊಳಗೆ ತೆರೆದುಕೊಳ್ಳುತ್ತಿತ್ತು." ಹೀಗೆ ಹೇಳಿ ಮೊದಲ ಸಂದೇಶ್ ತಾವೇ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಸವಿಯುತ್ತಿದ್ದರು. ಸೇರಿದ ಹೊಸತರಲ್ಲಿ ನನಗೆ ಇವರಿಗೆಲ್ಲ ತಲೆ ಸರಿಯಿಲ್ಲ ಅನ್ನಿಸಿತ್ತು. ಸ್ಟೋರ್ ಕೀಪರಂತೂ ಮಿಠಾಯಿಯ ಆಸೆಗೆ ಇಲ್ಲದ ತಪ್ಪುಗಳನ್ನು ಹುಟ್ಟಿಸಿ ಹೇಳುತ್ತಿದ್ದ. ನಾನು ಹೋಗಿ ಚಾಡಿ ಹೇಳಿದೆ. ಅವರು ನಕ್ಕು, "ಹೇಳಲಿ ಬಿಡಮ್ಮಾ, ಬಾಯಿಗೆ ಅಭ್ಯಾಸವಾಗುತ್ತದೆ. ನಿಜವಾದ ತಪ್ಪಾದ ದಿನ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುವುದಿಲ್ಲ" ಅಂದರು.

ಅವರು ನಿವೃತ್ತರಾಗಿ ಮಗಳ ಊರಿಗೆ ಹೋದ ಮೇಲೆ ಕುರ್ಚಿಯ ಜೊತೆ ಶನಿವಾರದ ಡಬ್ಬಿಯೂ ನನ್ನ ಪಾಲಿಗೆ ಬಂತು. ಪದ್ಧತಿಯನ್ನು ನಾನು ಬಿಡಲಿಲ್ಲ. ಆದರೆ ಒಂದು ಸಂದೇಶಿಗೆ ಅರ್ಧ ಗಂಟೆಯ ಉಪದೇಶವನ್ನೂ ಸೇರಿಸಿ ಬಡಿಸತೊಡಗಿದೆ. ಮುಖ್ಯಸ್ಥರೇ ಮೊದಲು ಹೇಳಬೇಕೆಂಬ ಭಾಗವನ್ನು ಸದ್ದಿಲ್ಲದೆ ಕೈಬಿಟ್ಟೆ. ಆರು ವರ್ಷ ನಾನು ಒಂದೇ ಒಂದು ಸಂದೇಶ್ ತಿನ್ನಲಿಲ್ಲ. ತಪ್ಪೇ ಮಾಡಲಿಲ್ಲ ಅಂತಲ್ಲ, ಹೇಳಲಿಲ್ಲ. ಡಬ್ಬಿಯಲ್ಲಿ ಮಿಠಾಯಿ ಉಳಿಯುವುದು ಹೆಚ್ಚಾಗುತ್ತ ಬಂತು. ನಮ್ಮವರು ಹುಷಾರಾಗುತ್ತಿದ್ದಾರೆ ಎಂದು ಖುಷಿಪಟ್ಟೆ.

ಹೋದ ವರ್ಷದ ದುರ್ಗಾಪೂಜೆಗೆ ಮುಂಚೆ ಬಾಲಿಗಂಜಿನ ಒಂದು ನಾಲ್ಕು ಮಹಡಿಯ ಕಟ್ಟಡದ ಲಿಫ್ಟು ನಮ್ಮ ಕೈಗೆ ಬಂತು. ಎಂಟು ತಿಂಗಳಿಂದ ಕೆಟ್ಟು ನಿಂತಿತ್ತು. ನಾಲ್ಕನೆಯ ಮಹಡಿಯಲ್ಲಿ ಒಬ್ಬ ನಿವೃತ್ತ ಗಣಿತದ ಟೀಚರು ಇದ್ದರು. ಸೊಂಟದ ಮೂಳೆ ಮುರಿದು ಗಾಲಿಕುರ್ಚಿ ಹಿಡಿದಿದ್ದರು. ಎಂಟು ತಿಂಗಳಿಂದ ನೆಲ ಮುಟ್ಟಿರಲಿಲ್ಲ. ಬಾಲ್ಕನಿಯಿಂದ ಹಗ್ಗಕ್ಕೆ ಚೀಲ ಕಟ್ಟಿ ಇಳಿಬಿಟ್ಟು ಮೀನು, ತರಕಾರಿ, ಪೇಪರು ಎಲ್ಲ ಮೇಲೆಳೆದುಕೊಳ್ಳುತ್ತಿದ್ದರು. ಕೆಲಸ ನಡೆಯುವಾಗ ಆ ಚೀಲದಲ್ಲೇ ನಮಗೆ ಬಿಸ್ಕತ್ತು ಇಳಿದುಬರುತ್ತಿತ್ತು. "ನನ್ನ ತೂಕಕ್ಕೂ ಒಂದು ಹಗ್ಗ ಸಿಕ್ಕಿದ್ದರೆ ನಿಮ್ಮನ್ನು ಯಾರು ಕರೆಯುತ್ತಿದ್ದರು?" ಎಂದು ಮೇಲಿನಿಂದ ಕೂಗುತ್ತಿದ್ದರು. ಅವರಿಗೆ ಇದ್ದುದು ಒಂದೇ ಆಸೆ. ಅಷ್ಟಮಿಯ ಬೆಳಿಗ್ಗೆ ಕೆಳಗೆ ಬಂದು, ಕಟ್ಟಡದ ಎದುರಿನ ಪೆಂಡಾಲಿನಲ್ಲಿ ಎಲ್ಲರ ಜೊತೆ ದೇವಿಗೆ ಹೂವಿನ ಅಂಜಲಿ ಅರ್ಪಿಸಬೇಕು. ನಾನು ಮಾತು ಕೊಟ್ಟಿದ್ದೆ.

ಪಂಚಮಿಯ ಬೆಳಿಗ್ಗೆ ಕೊನೆಯ ಪರೀಕ್ಷೆ. ಆ ಲಿಫ್ಟು ಆರು ಜನರದ್ದು. ನಿಯಮದ ಪ್ರಕಾರ ಅದಕ್ಕೂ ಹೆಚ್ಚು, ಐನೂರ ಹತ್ತು ಕಿಲೋ ಭಾರ ಹಾಕಿ ಇಳಿಸಬೇಕು. ಇಳಿಯುತ್ತಿರುವಾಗಲೇ ಕರೆಂಟು ತೆಗೆಯಬೇಕು, ಬ್ರೇಕು ಹಿಡಿದು ನಿಲ್ಲಿಸಬೇಕು. ಇದಕ್ಕೆಂದು ಇಪ್ಪತ್ತು ಕಿಲೋದ ಕಬ್ಬಿಣದ ಬಟ್ಟುಗಳನ್ನು ಹೌರಾದಿಂದ ತಂದು ಕೆಳಗಿನ ವರಾಂಡದಲ್ಲಿ ಪೇರಿಸಿದ್ದೆವು. ಹೋಗಿ ನೋಡಿದರೆ ಒಂದೂ ಇಲ್ಲ! ಹಿಂದಿನ ಸಂಜೆಯ ಗಾಳಿಮಳೆಗೆ ಪೆಂಡಾಲು ವಾಲಿತಂತೆ. ಪೂಜಾ ಸಮಿತಿಯವರು ನಮ್ಮ ಬಟ್ಟುಗಳನ್ನೆಲ್ಲ ಒಯ್ದು ಬಿದಿರಿನ ಕಾಲುಗಳಿಗೆ ಕಟ್ಟಿ, ಮೇಲೆ ಬಟ್ಟೆ ಹೊದಿಸಿ, ಅದರ ಮೇಲೆ ದೀಪದ ಸರ ಬಿಟ್ಟಿದ್ದರು. ಈಗ ಬಿಚ್ಚಿದರೆ ದೇವಿಯ ತಲೆ ಮೇಲೇ ಪೆಂಡಾಲು.

ನನಗೆ ಕನ್ನಡ ಬಂತು. ಸಮಿತಿಯ ಕಾರ್ಯದರ್ಶಿ ತೂಕದ ಆಸಾಮಿ, ಸದಾ ನಗುಮುಖ. ಅವರಿಗೆ ಒಂದಕ್ಷರ ಅರ್ಥವಾಗದಿದ್ದರೂ ಎಲ್ಲವೂ ಅರ್ಥವಾಯಿತು. ಅಷ್ಟರಲ್ಲಿ ಗ್ಯಾರೇಜಿನಲ್ಲಿ ದೇವಿಯ ಭೋಗದ, ಅಂದರೆ ಪ್ರಸಾದದ, ಖಿಚುಡಿಗೆಂದು ತಂದಿಟ್ಟ ಅಕ್ಕಿ ಚೀಲಗಳು ನನ್ನ ಕಣ್ಣಿಗೆ ಬಿದ್ದವು. ಪ್ರತಿ ಚೀಲದ ಮೇಲೂ ದಪ್ಪ ಅಕ್ಷರದಲ್ಲಿ ಐವತ್ತು ಕೆ.ಜಿ. ಎಂದು ಬರೆದಿತ್ತು. ಹತ್ತು ಚೀಲ, ಜೊತೆಗೆ ಹತ್ತು ಕಿಲೋದ ನಮ್ಮ ಟೂಲ್ ಬಾಕ್ಸು. ಲೆಕ್ಕ ಕೂಡಿತು. ನನ್ನ ಬುದ್ಧಿಗೆ ನಾನೇ ಮೆಚ್ಚಿ, "ಏರಿಸ್ರಿ" ಅಂದೆ.

ನಮ್ಮ ಹಿರಿಯ ಫಿಟ್ಟರನ್ನು ಎಲ್ಲರೂ ಮಿಸ್ತ್ರಿ ಎಂದೇ ಕರೆಯುವುದು. ಮೂವತ್ತು ವರ್ಷ ಲಿಫ್ಟುಗಳ ಜೊತೆಗೇ ಏರಿ ಇಳಿದ ಮನುಷ್ಯ. ಅವರು ಮೊದಲನೆಯ ಚೀಲವನ್ನು ಬೆನ್ನ ಮೇಲೆ ಹೊತ್ತು ತಂದು ಲಿಫ್ಟಿನೊಳಗೆ ಇಳಿಸಿ, ನನ್ನ ಕಡೆ ತಿರುಗಿದರು. "ದಿದಿ, ಒಂದು ಮಾತು..."

"ತಡೀರಿ! ಮಾತು ಆಮ್ಯಾಲೆ. ಮೊದ್ಲ ಕೆಲ್ಸ ಮುಗಸ್ರಿ" ಅಂದೆ.

ಮಿಸ್ತ್ರಿ ಉಳಿದ ಚೀಲಗಳನ್ನೂ ಏರಿಸಿದರು. ಲಿಫ್ಟು ಇಳಿಯಿತು, ಕರೆಂಟು ತೆಗೆದೆವು, ಬ್ರೇಕು ಹಿಡಿಯಿತು. ನಾನು ಸಹಿ ಹಾಕಿದೆ. ಮನೆಗೆ ಬಂದಾಗ ಬ್ಯಾಂಕಿನಿಂದ ಆಗಲೇ ಬಂದು ಕೂತಿದ್ದ ನನ್ನ ಗಂಡ ಮುಖ ನೋಡಿದವರೇ, "ಇವತ್ತ ಯಾರಿಗೆ ಕನ್ನಡಾ ಕಲಿಸಿ ಬಂದಿ?" ಅಂತ ಕೇಳಿದರು. "ಇಡೀ ಬಾಲಿಗಂಜಿಗೆ" ಅಂದೆ. ಇಬ್ಬರೂ ನಕ್ಕೆವು.

ಷಷ್ಠಿಯ ದಿನ ಲಿಫ್ಟು ಓಡಿತು. ಟೀಚರು ಮಾತ್ರ ಹತ್ತಲಿಲ್ಲ. ಮೊದಲ ಸಲ ಇಳಿಯುವುದು ಅಂಜಲಿಗೇ ಎಂದು ಹಟ ಹಿಡಿದು ಕೂತಿದ್ದರು. ಸಪ್ತಮಿಯ ಮಧ್ಯಾಹ್ನ ಅಲ್ಲಿನ ಭೋಗದ ಊಟಕ್ಕೆ ನನಗೂ ಕರೆಯಿತ್ತು. ಬಾಳೆ ಎಲೆಯ ಮೇಲೆ ಬಿಸಿ ಖಿಚುಡಿ, ಬದನೆಕಾಯಿ ಬಜ್ಜಿ, ಟೊಮೇಟೊ ಚಟ್ನಿ. ಎರಡನೆಯ ತುತ್ತು ಬಾಯಲ್ಲಿತ್ತು. ಹಿಂದೆ ನಿಂತ ಅಡುಗೆಯವರು ಕಾರ್ಯದರ್ಶಿಯ ಮೇಲೆ ರೇಗುತ್ತಿದ್ದರು: "ನಾಳೆಗೆ ಅಕ್ಕಿ ಸಾಲುವುದಿಲ್ಲ. ಹತ್ತು ಚೀಲ ಅಂದಿರಿ, ಒಂದೊಂದರಲ್ಲಿ ಇರುವುದು ಮೂವತ್ತೇ ಕಿಲೋ!"

"ಹೌದಲ್ಲ, ಚೀಲ ಹಳೆಯವು" ಎಂದರು ಕಾರ್ಯದರ್ಶಿ ಆರಾಮವಾಗಿ. "ಅಂಗಡಿಯವನು ಮೂವತ್ತು ಮೂವತ್ತರಂತೆ ತುಂಬಿಸಿಕೊಟ್ಟ."

ತುತ್ತು ಅಲ್ಲೇ ನಿಂತಿತು. ಹತ್ತು ಚೀಲ, ಮುನ್ನೂರು. ಟೂಲ್ ಬಾಕ್ಸು ಸೇರಿ ಮುನ್ನೂರ ಹತ್ತು. ಆರು ಜನ ಹತ್ತಿದರೆ ಆಗುವ ಭಾರವೂ ಅದಲ್ಲ. ಎದುರಿಗೇ ಲಿಫ್ಟು ಹೊಸ ಬಟ್ಟೆಯ ಜನರನ್ನು ತುಂಬಿಕೊಂಡು ಮೇಲೆ ಹೋಗುತ್ತಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆಯೂ ಬಂತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಒಂದು ದಿನ ಓಡಿದೆ, ಏನೂ ಆಗಿಲ್ಲ, ಯಾರಿಗೂ ಗೊತ್ತಿಲ್ಲ. ಪೂಜೆ ಮುಗಿದ ಮೇಲೆ ಸರ್ವಿಸ್ ನೆಪದಲ್ಲಿ ಬಂದು ಮತ್ತೊಮ್ಮೆ ಪರೀಕ್ಷೆ ಮಾಡಿದರಾಯಿತು. ಚಟ್ನಿ ಬಡಿಸುವವರು ನನ್ನ ಎಲೆಯವರೆಗೆ ಬರುವಷ್ಟು ಹೊತ್ತು ಆ ಯೋಚನೆ ನನ್ನೊಳಗಿತ್ತು. ಆಮೇಲೆ ಗಾಲಿಕುರ್ಚಿಯಲ್ಲಿ ಕೂತ ಟೀಚರು, ಸುತ್ತ ಅವರನ್ನು ಹಿಡಿದು ನಿಂತ ನಾಲ್ಕೈದು ಜನ ಕಣ್ಣ ಮುಂದೆ ಬಂದರು. ಎಂಜಲು ಕೈಯಲ್ಲೇ ಎದ್ದು ಹೋಗಿ, ಲಿಫ್ಟು ಖಾಲಿಯಾಗುವುದನ್ನೇ ಕಾದು, ಮೇನ್ ಸ್ವಿಚ್ಚು ತೆಗೆದೆ.

ಮಿಸ್ತ್ರಿಗೆ ಫೋನು ಮಾಡಿ ಬನ್ನಿ ಎಂದೆ. ಯಾಕೆ ಅಂತ ಅವರು ಕೇಳಲಿಲ್ಲ. ಆಮೇಲೆ ನಾಲ್ಕು ಮಹಡಿ ಹತ್ತಿ ಹೋದೆ. ಟೀಚರು ಮರುದಿನಕ್ಕೆಂದು ಕೆಂಪಂಚಿನ ಬಿಳಿ ಸೀರೆಗೆ ಇಸ್ತ್ರಿ ಮಾಡಿಸಿ ಮಂಚದ ಮೇಲೆ ಹರವಿಕೊಂಡಿದ್ದರು.

"ಮಾಶಿಮಾ, ಲಿಫ್ಟು ನಿಲ್ಲಿಸಿದ್ದೇನೆ. ತಪ್ಪು ನನ್ನದೇ. ಪರೀಕ್ಷೆಗೆ ಹಾಕಿದ ಭಾರ ಕಡಿಮೆಯಾಗಿತ್ತು."

ಅವರು ಕನ್ನಡಕ ಮೇಲೇರಿಸಿದರು. "ಎಷ್ಟಿರಬೇಕಿತ್ತು?"

"ಐನೂರ ಹತ್ತು."

"ಎಷ್ಟು ಹಾಕಿದೆ?"

"ಮುನ್ನೂರ ಹತ್ತು."

"ನೂರಕ್ಕೆ ಅರವತ್ತು ಬಂತು ಅಂದುಕೊಳ್ಳಬೇಡ. ಈ ಲೆಕ್ಕಕ್ಕೆ ಅರ್ಧ ಮಾರ್ಕು ಇಲ್ಲ. ಸೊನ್ನೆ" ಎಂದರು. ಸೀರೆಯನ್ನು ಒಮ್ಮೆ ಸವರಿದರು. "ಹೋಗು, ಮತ್ತೆ ಪರೀಕ್ಷೆ ಬರಿ. ಸಂಜೆಯವರೆಗೆ ಟೈಮಿದೆ."

ಕೆಳಗೆ ಬರುವಷ್ಟರಲ್ಲಿ ಸುದ್ದಿ ಇಡೀ ಓಣಿಗೆ ಹಬ್ಬಿತ್ತು. ಬಂಗಾಳಿಗಳಿಗೆ ಒಂದು ಸಮಸ್ಯೆ ಸಿಕ್ಕರೆ ಹಬ್ಬಕ್ಕಿಂತ ಹೆಚ್ಚು ಹುರುಪು. "ಭಾರ ಬೇಕು ಅಷ್ಟೇ ತಾನೆ? ನಾವಿಲ್ಲವೇ?" ಎಂದು ಕಾರ್ಯದರ್ಶಿ ಹೊಟ್ಟೆ ತಟ್ಟಿಕೊಂಡರು. "ನಾನೊಬ್ಬನೇ ತೊಂಬತ್ತು ಕಿಲೋ!" ಖಿಚುಡಿ ತಿಂದು ತೃಪ್ತರಾದ ಏಳೆಂಟು ಗಂಡಸರು ಒಬ್ಬರ ತೂಕವನ್ನು ಇನ್ನೊಬ್ಬರು ಕೂಡಿಸುತ್ತ, ನಗುತ್ತ ಲಿಫ್ಟಿನೊಳಗೆ ನುಗ್ಗಿಯೇಬಿಟ್ಟರು. ಸೆಲ್ಫಿಯೂ ಶುರುವಾಯಿತು.

"ಹೊರಗ ಬರ್ರಿ ಎಲ್ಲಾರೂ! ಮನಷ್ಯಾರನ್ನ ಹಾಕಿ ಪರೀಕ್ಷೆ ಮಾಡ್ತಾರೇನು? ಬರ್ರಿ ಅಂದ್ರ ಬರ್ರಿ!"

ಎಲ್ಲರೂ ಹೊರಗೆ ಬಂದರು. ಆ ಸಲದ ಕನ್ನಡಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಆಮೇಲೆ ನಡೆದದ್ದು ಬೇರೆಯೇ ಒಂದು ಉತ್ಸವ. ಓಣಿಯ ತರಕಾರಿಯವರು ತಮ್ಮ ತೂಕದ ಯಂತ್ರವನ್ನು ಹೊತ್ತು ತಂದರು. ಭೋಗಕ್ಕೆಂದು ತರಿಸಿದ್ದ ಆಲೂಗಡ್ಡೆ, ಉಳಿದ ಅಕ್ಕಿ, ಕುಂಬಳಕಾಯಿ ಎಲ್ಲ ಒಂದೊಂದಾಗಿ ಯಂತ್ರವೇರಿದವು. ನಾಲ್ಕನೆಯ ಮಹಡಿಯ ಬಾಲ್ಕನಿಯಲ್ಲಿ ಟೀಚರು ನೋಟುಬುಕ್ಕು ಹಿಡಿದು ಕೂತು, ಕೆಳಗಿನಿಂದ ಕೂಗಿದ ತೂಕವನ್ನು ಕೂಡುತ್ತ ಹೋದರು. ದಶಾಂಶ ಬಿಟ್ಟು ಹೇಳಿದವರಿಗೆ ಬೈಗುಳ. ಕೊನೆಗೆ ಐನೂರ ಎರಡಕ್ಕೆ ಬಂದು ನಿಂತಿತು. ಮೇಲಿನಿಂದ ಹಗ್ಗದ ಚೀಲ ಇಳಿಯಿತು. ಒಳಗೆ ಮೂರು ದಪ್ಪ ಡಿಕ್ಷನರಿ, ಒಂದು ಹಿತ್ತಾಳೆಯ ಹೂದಾನಿ. ಎಂಟು ಕಿಲೋ ಇನ್ನೂರು ಗ್ರಾಮು!

ಅಷ್ಟರಲ್ಲಿ ಮಿಸ್ತ್ರಿ ಪೂಜೆಯ ಹೊಸ ಶರ್ಟಿನಲ್ಲೇ ಬಂದಿದ್ದರು. ನೇರವಾಗಿ ಟೆರೇಸಿನ ಮೋಟಾರು ಕೋಣೆಗೆ ಹೋಗಿ ನಿಂತರು. ಲಿಫ್ಟು ಮೂರನೆಯ ಮಹಡಿಯಿಂದ ಇಳಿಯತೊಡಗಿತು. ನಾವೆಲ್ಲ ಒಂದನೆಯ ಮಹಡಿಯ ಮೆಟ್ಟಿಲ ಮೇಲೆ. ನಾನು ಫೋನಿನಲ್ಲಿ "ತೆಗೆಯಿರಿ" ಅಂದೆ. ಕರೆಂಟು ಹೋಯಿತು. ಲಿಫ್ಟು ನಮ್ಮೆದುರಿಗೇ ಗಕ್ಕನೆ ನಿಂತಿತು. ಯಾರೋ ಚಪ್ಪಾಳೆ ಹೊಡೆದರು.

ಆಮೇಲೆ ಅದು ಜಾರಿತು. ಜೋರಾಗಿ ಅಲ್ಲ, ಮೆಲ್ಲಗೆ. ಜಾಲರಿಯ ಹಿಂದೆ ಕುಂಬಳಕಾಯಿಗಳು ನಮ್ಮ ಮುಖದೆದುರಿನಿಂದ ಎದೆಗೆ, ಎದೆಯಿಂದ ಮೊಣಕಾಲಿಗೆ ಇಳಿಯುತ್ತ ಹೋದವು. ಲಿಫ್ಟಿನ ಗುಂಡಿಯ ತಳದಲ್ಲಿರುವ ಸ್ಪ್ರಿಂಗಿನ ಮೇಲೆ ಕೂತಾಗ ಒಂದು ಸಣ್ಣ ಸದ್ದು. ತೊಂಬತ್ತು ಕಿಲೋದ ಕಾರ್ಯದರ್ಶಿ ಮೆಟ್ಟಿಲ ಮೇಲೆ ಕುಸಿದು ಕೂತರು. ನಾನೂ ಅವರ ಪಕ್ಕದಲ್ಲೇ ಕೂತೆ.

ಹೊಸ ಬ್ರೇಕಿನ ಸ್ಪ್ರಿಂಗು ಬೇಕಾದಷ್ಟು ಬಿಗಿಯಾಗಿರಲಿಲ್ಲ. ಕಡಿಮೆ ಭಾರಕ್ಕೆ ಸಾಕಾಗಿತ್ತು, ಪೂರಾ ಭಾರಕ್ಕೆ ಆಗಲಿಲ್ಲ. ಮಿಸ್ತ್ರಿ ಹೊಸ ಶರ್ಟು ಬಿಚ್ಚಿಟ್ಟು ಬನಿಯನ್ನಿನಲ್ಲಿ ಒಂದೂವರೆ ಗಂಟೆ ಕೆಲಸ ಮಾಡಿದರು. ಸ್ಪ್ರಿಂಗಿನ ಬಿಗಿತವನ್ನು ನಾನೇ ಅಳೆದೆ. ಮತ್ತೆ ಕುಂಬಳಕಾಯಿಗಳ ಸವಾರಿ, ಮೂರು ಸಲ. ಮೂರು ಸಲವೂ ನಿಂತಲ್ಲೇ ನಿಂತಿತು. ಪಂಚಮಿಯ ಸರ್ಟಿಫಿಕೇಟನ್ನು ಎಲ್ಲರೆದುರು ಹರಿದು, ಬೇರೆಯದಕ್ಕೆ ಸಹಿ ಹಾಕಿದೆ.

ಅಷ್ಟಮಿಯ ಬೆಳಿಗ್ಗೆ ಲಿಫ್ಟಿನ ಜಾಲರಿ ಸರಿಯಿತು. ಕೆಂಪಂಚಿನ ಸೀರೆಯಲ್ಲಿ ಟೀಚರು ಹೊರಗೆ ಬಂದರು. ಮೊದಲು ಕಾಲಿನ ಚಪ್ಪಲಿ ತೆಗೆಸಿ ನೆಲಕ್ಕೆ ಪಾದ ಊರಿದರು. ಆಮೇಲೆ ನನ್ನನ್ನು ಹತ್ತಿರ ಕರೆದು ಕಿವಿ ಹಿಂಡಿ, "ಪಾಸು" ಅಂದರು. ಅಂಜಲಿಯ ಮಂತ್ರ ಹೇಳುವಾಗ ಅವರನ್ನೇ ನೋಡುತ್ತ ಹೂವು ಹಾಕಲು ಮರೆತೆ.

ಪೂಜೆ ಮುಗಿದ ಮೊದಲ ಶನಿವಾರ. ವಿಜಯದಶಮಿಯ ನಂತರದ ಅಪ್ಪುಗೆ, ನಮಸ್ಕಾರ ಎಲ್ಲ ಆಗಿ ಚಹದ ಮೇಜಿನ ಮೇಲೆ ಡಬ್ಬಿ ತೆರೆದಿತ್ತು. ಆರು ವರ್ಷದಲ್ಲಿ ಮೊದಲ ಸಲ ನಾನೇ ಮೊದಲು ಬಾಯಿಬಿಟ್ಟೆ. ಚೀಲದ ಮೇಲಿನ ಅಕ್ಷರ ನಂಬಿದ್ದು, ತೂಗದೆ ಸಹಿ ಹಾಕಿದ್ದು, ಊಟದೆಲೆಯ ಮುಂದೆ ಬಂದ ಆ ಹಾಳು ಯೋಚನೆ, ಏನನ್ನೂ ಮುಚ್ಚಿಡಲಿಲ್ಲ. ಹೇಳಿ ಮುಗಿಸಿ ಸಂದೇಶಿಗೆ ಕೈ ಚಾಚಿದೆ. ಅಷ್ಟರಲ್ಲಿ ಮಿಸ್ತ್ರಿ ಎದ್ದು ನಿಂತರು.

"ನನ್ನದೂ ಒಂದಿದೆ ದಿದಿ. ಮೊದಲನೆಯ ಚೀಲ ಎತ್ತಿದಾಗಲೇ ನನಗೆ ಗೊತ್ತಾಗಿತ್ತು, ಅದು ಐವತ್ತು ಕಿಲೋ ಅಲ್ಲ ಅಂತ."

ಅರವತ್ತರ ಹತ್ತಿರದ ಮನುಷ್ಯ ಹತ್ತು ಚೀಲಗಳನ್ನು ಒಬ್ಬರೇ ಬೆನ್ನ ಮೇಲೆ ಹೊತ್ತು ತಂದಾಗ ನನಗೇ ಹೊಳೆಯಬೇಕಿತ್ತು. ನಾನು ಫೈಲು ನೋಡುತ್ತಿದ್ದೆ.

"ಮತ್ತೆ ಯಾಕೆ ಹೇಳಲಿಲ್ಲ ದಾದಾ?" ಎಂದೆ.

ಅವರು ನೆಲ ನೋಡಿದರು. "ಅವತ್ತು ನಿಮಗೆ ಕನ್ನಡ ಬಂದಿತ್ತು" ಅಂದರು.

ಯಾರೂ ನಗಲಿಲ್ಲ. ನನ್ನ ಕಿವಿಯಲ್ಲಿ "ದಿದಿ, ಒಂದು ಮಾತು" ಎಂಬುದು ಈಗ ಕೇಳಿಸಿತು. ಡಬ್ಬಿಯಲ್ಲಿ ಮಿಠಾಯಿ ಯಾಕೆ ಉಳಿಯುತ್ತಿತ್ತು ಎಂಬುದೂ ತಿಳಿಯಿತು. ಬ್ರೇಕು ಸಡಿಲವಿದ್ದದ್ದು ಒಂದು ಲಿಫ್ಟಿನದು. ಆದರೆ ಮೂವತ್ತು ವರ್ಷದ ಅನುಭವದ ಬಾಯಿಯನ್ನು ಒಂದೇ ಮಾತಿನಲ್ಲಿ ಮುಚ್ಚಿಸಿದವಳು ನಾನು. ಆ ಛತ್ರಿಯ ಹಿರಿಯರು ಅಲ್ಲಿದ್ದಿದ್ದರೆ ನಾಚಿಕೆಯಿಂದ ಮೇಜಿನ ಕೆಳಗೆ ಸೇರುತ್ತಿದ್ದೆ. ಎದ್ದು ಹೋಗಿ ನನ್ನ ಕೈಯ ಸಂದೇಶನ್ನು ಮಿಸ್ತ್ರಿಯ ಬಾಯಿಗೆ ಹಿಡಿದೆ. "ಶುಗರ್ ಇದೆ ದಿದಿ" ಎನ್ನುತ್ತ ಅರ್ಧ ಕಚ್ಚಿದರು. ಉಳಿದರ್ಧ ನಾನು ತಿಂದೆ. "ಇನ್ನು ಮುಂದೆ ನನಗೆ ಕನ್ನಡ ಬಂದ ದಿನವೇ ನೀವು ಜೋರಾಗಿ ಮಾತಾಡಬೇಕು" ಅಂದೆ. ಅವರು ತಲೆ ಆಡಿಸಿದರು, ನಂಬಿದಂತೆ ಕಾಣಲಿಲ್ಲ.

ಮೊನ್ನೆ ಒಂದು ನರ್ಸಿಂಗ್ ಹೋಮಿನ ಲಿಫ್ಟಿನ ಪರೀಕ್ಷೆಗೆ ಹೋಗಿದ್ದೆವು. ಈ ಸಲ ನಮ್ಮ ಕಬ್ಬಿಣದ ಬಟ್ಟುಗಳೇ ಇದ್ದವು. ತಡವಾಗಿತ್ತು, ಸೆಕೆ ಬೇರೆ. ನಾನು ಗುರ್ ಎನ್ನುತ್ತ ಫೈಲು ತೆರೆದು ಪೆನ್ನಿನ ಕ್ಯಾಪು ತೆಗೆದಿದ್ದೆ. ಒಂದು ಬಟ್ಟನ್ನು ಕೈಯಲ್ಲಿ ಹಿಡಿದಿದ್ದ ಮಿಸ್ತ್ರಿ ಅದನ್ನು ತಿರುಗಿಸಿ ನೋಡಿದರು. ಮೂಲೆ ಒಡೆದು ಒಂದು ತುಂಡು ಹೋಗಿತ್ತು. ಅದನ್ನು ನೆಲಕ್ಕೆ ಕುಕ್ಕಿ, ಎದೆ ಸೆಟೆಸಿ, ನನ್ನದೇ ದನಿಯಲ್ಲಿ, ನನ್ನದೇ ಧಾರವಾಡದ ಧಾಟಿಯಲ್ಲಿ ಕೂಗಿದರು:

"ತಡೀರಿ!"

ನರ್ಸುಗಳು ತಿರುಗಿ ನೋಡಿದರು. ನಮ್ಮವರೆಲ್ಲ ನಿಂತಲ್ಲೇ ನಿಂತರು. ಹಿಂದಿನಿಂದ ಸ್ಟೋರ್ ಕೀಪರ್ ಪಿಸುಗುಟ್ಟಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಮಿಸ್ತ್ರಿಗೆ ಕನ್ನಡ ಬಂತು."

ನಾನು ಪೆನ್ನಿನ ಕ್ಯಾಪು ಹಾಕಿ, ತೂಕದ ಯಂತ್ರ ತರಿಸಿದೆ.